ವಯಸ್ಸಾದ ನಾಯಿಗಳ ವೆಸ್ಟಿಬ್ಯುಲರ್ ರೋಗ

ವಯಸ್ಸಾದ ನಾಯಿಗಳ ವೆಸ್ಟಿಬ್ಯುಲರ್ ರೋಗವು ದೇಹದ ಸಮತೋಲವನ್ನು ಕಾಯುವ ಒಳಕಿವಿಯ ಅಂಗ ಅಥವಾ ಅದರ ನರವು ಒಂದು ಬದಿಯಲ್ಲಿ ಹಠಾತ್ತನೆ ಕೆಲಸ ತಪ್ಪುವುದರಿಂದ ಉಂಟಾಗುವ ಕಾಯಿಲೆ. ನಿರ್ದಿಷ್ಟ ಕಾರಣ ಪತ್ತೆಯಾಗದಿರುವುದರಿಂದ ಪಶುವೈದ್ಯಶಾಸ್ತ್ರದಲ್ಲಿ ಇದನ್ನು ಇಡಿಯೋಪಥಿಕ್ ವೆಸ್ಟಿಬ್ಯುಲರ್ ರೋಗ, ಅಂದರೆ ಅಜ್ಞಾತ ಕಾರಣದ ಸಮತೋಲ ರೋಗ ಎಂದು ಕರೆಯುತ್ತಾರೆ. ಹಿಂದಿನ ದಿನದವರೆಗೆ ಸರಿಯಾಗಿದ್ದ ನಾಯಿಯು ಎದ್ದು ನಿಲ್ಲಲಾರದೆ ಒಂದು ಪಕ್ಕಕ್ಕೆ ಉರುಳುವುದು, ತಲೆಯನ್ನು ಓರೆಯಾಗಿ ಹಿಡಿಯುವುದು, ಕಣ್ಣುಗುಡ್ಡೆಗಳು ತಾವಾಗಿಯೇ ಅತ್ತಿತ್ತ ಅದುರುವುದು ಹಾಗೂ ವಾಂತಿ ಇದರ ಮುಖ್ಯ ಲಕ್ಷಣಗಳು.

ನೋಟಕ್ಕೆ ಇದು ಪಾರ್ಶ್ವವಾಯುವನ್ನು ಹೋಲುತ್ತದೆ. ಆದ್ದರಿಂದ ನಾಯಿಯ ಅಂತ್ಯ ಸಮೀಪಿಸಿತೆಂದು ಮನೆಯವರು ಭಾವಿಸುವುದು ಸಾಮಾನ್ಯ. ವಾಸ್ತವದಲ್ಲಿ ಅಜ್ಞಾತ ಕಾರಣದ ರೂಪವು ಪ್ರಾಣಾಂತಕವಲ್ಲ. ಮೊದಲ 72 ಗಂಟೆಗಳಲ್ಲಿ ಸುಧಾರಣೆ ಆರಂಭವಾಗಿ, ಹೆಚ್ಚಿನ ನಾಯಿಗಳು ಎರಡು ಮೂರು ವಾರಗಳಲ್ಲಿ ಚೇತರಿಸಿಕೊಳ್ಳುತ್ತವೆ. ಆದರೆ ಇದೇ ಲಕ್ಷಣಗಳು ಕಿವಿಯ ಸೋಂಕು, ಮೆದುಳಿನ ಗೆಡ್ಡೆ, ಔಷಧಿಯ ವಿಷಪ್ರಭಾವ ಮೊದಲಾದವುಗಳಿಂದಲೂ ಉಂಟಾಗುವುದರಿಂದ ಪಶುವೈದ್ಯರ ಪರೀಕ್ಷೆ ಅವಶ್ಯಕ.

ಸಮತೋಲ ವ್ಯವಸ್ಥೆಯ ರಚನೆ

ನಾಯಿಯ ಒಳಕಿವಿಯು ಕೇಳುವಿಕೆಯ ಜೊತೆಗೆ ಸಮತೋಲದ ಅಂಗವೂ ಆಗಿದೆ. ಪ್ರತಿ ಕಿವಿಯಲ್ಲಿ ಮೂರು ಅರ್ಧವೃತ್ತಾಕಾರದ ನಾಳಗಳಿದ್ದು, ಅವುಗಳೊಳಗೆ ದ್ರವ ತುಂಬಿರುತ್ತದೆ. ತಲೆ ತಿರುಗಿದಾಗ ಈ ದ್ರವವು ಹಿಂದೆ ಉಳಿದು ಸೂಕ್ಷ್ಮ ರೋಮಕೋಶಗಳನ್ನು ಬಾಗಿಸುತ್ತದೆ. ನಾಳಗಳ ಬುಡದಲ್ಲಿರುವ ಯುಟ್ರಿಕಲ್ ಮತ್ತು ಸ್ಯಾಕ್ಯೂಲ್ ಎಂಬ ಎರಡು ಚೀಲಗಳಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಸಣ್ಣ ಹರಳುಗಳಿವೆ. ಗುರುತ್ವಾಕರ್ಷಣೆಗೆ ಅನುಗುಣವಾಗಿ ತಲೆ ಯಾವ ಕಡೆ ಬಾಗಿದೆ ಎಂಬುದನ್ನು ಅವು ತಿಳಿಸುತ್ತವೆ.

ಈ ಸಂಕೇತಗಳು ಎಂಟನೆಯ ಕಪಾಲ ನರದ ಮೂಲಕ ಮೆದುಳುಕಾಂಡವನ್ನೂ ಅನುಮಸ್ತಿಷ್ಕವನ್ನೂ ತಲುಪುತ್ತವೆ. ಅಲ್ಲಿಂದ ಹೊರಡುವ ಆದೇಶಗಳು ಕಣ್ಣು, ಕತ್ತು ಮತ್ತು ಕಾಲುಗಳ ಸ್ನಾಯುಗಳನ್ನು ಹೊಂದಿಸುತ್ತವೆ. ಓಡುವ ನಾಯಿಗೆ ನೆಲವು ಕುಣಿಯುವಂತೆ ಕಾಣದಿರುವುದಕ್ಕೂ ತಿರುವಿನಲ್ಲಿ ಅದು ಬೀಳದಿರುವುದಕ್ಕೂ ಈ ಹೊಂದಾಣಿಕೆಯೇ ಕಾರಣ. ಮನುಷ್ಯರಲ್ಲಿಯೂ ವ್ಯವಸ್ಥೆ ಇದೇ ಬಗೆಯದು. ಇದರ ಕಾರ್ಯವಿಧಾನದ ಕುರಿತ ಸಂಶೋಧನೆಗಾಗಿ ರಾಬರ್ಟ್ ಬಾರಾನಿ ಅವರಿಗೆ 1914ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ದೊರೆಯಿತು.

ರೋಗ ಉಂಟಾಗುವ ಬಗೆ

ನಾಯಿ ಅಲುಗಾಡದೆ ಮಲಗಿದ್ದಾಗಲೂ ಎರಡೂ ಕಿವಿಗಳಿಂದ ಮೆದುಳಿಗೆ ಸಮಪ್ರಮಾಣದಲ್ಲಿ ಸಂಕೇತಗಳು ಹರಿಯುತ್ತಿರುತ್ತವೆ. ಒಂದು ಬದಿಯ ಸಂಕೇತ ಹಠಾತ್ತನೆ ಕುಗ್ಗಿದರೆ, ತಲೆಯು ಆರೋಗ್ಯವಾಗಿರುವ ಬದಿಗೆ ತಿರುಗುತ್ತಿದೆ ಎಂದು ಮೆದುಳು ತಪ್ಪಾಗಿ ಗ್ರಹಿಸುತ್ತದೆ. ಇಲ್ಲದ ಈ ತಿರುಗುವಿಕೆಯನ್ನು ಸರಿಪಡಿಸಲು ಕಣ್ಣುಗಳು ರೋಗಗ್ರಸ್ತ ಬದಿಗೆ ನಿಧಾನವಾಗಿ ಜಾರಿ, ಮತ್ತೆ ಆರೋಗ್ಯವಂತ ಬದಿಗೆ ಥಟ್ಟನೆ ಮರಳುತ್ತವೆ. ಹೀಗೆ ಪುನರಾವರ್ತನೆಯಾಗುವ ಅದುರಾಟವನ್ನು ನಿಸ್ಟ್ಯಾಗ್ಮಸ್ ಎನ್ನುತ್ತಾರೆ. ರೋಗಗ್ರಸ್ತ ಬದಿಯ ಕಾಲುಗಳನ್ನು ನೆಟ್ಟಗಿಡುವ ಸ್ನಾಯುಗಳ ಬಿಗಿ ಸಡಿಲವಾಗುವುದರಿಂದ ನಾಯಿಯು ಆ ಕಡೆಗೆ ವಾಲಿ ಬೀಳುತ್ತದೆ.

ಕಣ್ಣು ಹೇಳುವುದು ಒಂದು, ಕಿವಿ ಹೇಳುವುದು ಇನ್ನೊಂದು ಆಗುವುದರಿಂದ ಪ್ರಯಾಣದಲ್ಲಿ ಉಂಟಾಗುವಂಥ ವಾಕರಿಕೆ ಕಾಣಿಸಿಕೊಳ್ಳುತ್ತದೆ. ನಾಯಿ ಆಹಾರ ಬಿಡಲು ಬಹುಪಾಲು ಇದೇ ಕಾರಣ.

ಕೆಲವು ದಿನಗಳಲ್ಲಿ ಮೆದುಳು ಈ ಅಸಮಾನತೆಗೆ ಹೊಂದಿಕೊಳ್ಳತೊಡಗುತ್ತದೆ. ಕಣ್ಣಿನ ನೋಟ, ಅಂಗಾಲುಗಳು ನೆಲವನ್ನು ಮುಟ್ಟುವ ಅನುಭವ ಮತ್ತು ಕೀಲುಗಳಿಂದ ಬರುವ ಮಾಹಿತಿಯನ್ನು ಹೆಚ್ಚಾಗಿ ಅವಲಂಬಿಸಿ ಅದು ಸಮತೋಲವನ್ನು ಮರಳಿ ಕಲಿಯುತ್ತದೆ. ಈ ಪ್ರಕ್ರಿಯೆಗೆ ಸರಿದೂಗಿಸುವಿಕೆ ಎಂದು ಹೆಸರು. ಬೆಳಕು, ಜಾರದ ನೆಲ ಮತ್ತು ಆಸರೆಯೊಂದಿಗಿನ ನಡಿಗೆ ಶುಶ್ರೂಷೆಯಲ್ಲಿ ಮಹತ್ವ ಪಡೆದಿರುವುದು ಈ ಕಾರಣದಿಂದಲೇ.

ಲಕ್ಷಣಗಳು

ಕಾಯಿಲೆಯು ಯಾವುದೇ ತಳಿಯ ನಾಯಿಯಲ್ಲಿ ಕಾಣಿಸಿಕೊಳ್ಳಬಹುದು. ಎಂಟು ವರ್ಷ ಮೀರಿದ ನಾಯಿಗಳಲ್ಲಿ, ಅದರಲ್ಲೂ ಹನ್ನೆರಡು ಹದಿಮೂರು ವರ್ಷದ ಆಸುಪಾಸಿನಲ್ಲಿ ಇದು ಹೆಚ್ಚು. ಲಕ್ಷಣಗಳು ಕೆಲವೇ ನಿಮಿಷ ಅಥವಾ ಗಂಟೆಗಳಲ್ಲಿ ತೀವ್ರ ಸ್ವರೂಪ ತಾಳುತ್ತವೆ.

- ತಲೆಯ ವಾಲಿಕೆ: ಒಂದು ಕಿವಿ ಇನ್ನೊಂದಕ್ಕಿಂತ ಕೆಳಗಿರುವಂತೆ ತಲೆ ಓರೆಯಾಗುತ್ತದೆ. ಸಾಮಾನ್ಯವಾಗಿ ವಾಲಿಕೆಯು ರೋಗಗ್ರಸ್ತ ಬದಿಗೆ ಇರುತ್ತದೆ.
- ಕಣ್ಣುಗುಡ್ಡೆಗಳ ಅದುರಾಟ: ಅಡ್ಡಡ್ಡವಾಗಿ ಅಥವಾ ವೃತ್ತಾಕಾರವಾಗಿ ಕಣ್ಣುಗಳು ಚಲಿಸುತ್ತವೆ.
- ನಡಿಗೆಯ ಅಸ್ಥಿರತೆ: ಕಾಲುಗಳನ್ನು ಅಗಲಿಸಿ ನಿಲ್ಲುವುದು, ತೂರಾಡುವುದು, ಒಂದೇ ಕಡೆಗೆ ಸುತ್ತುವುದು, ಗೋಡೆಗೆ ಒರಗುವುದು, ಉರುಳುವುದು.
- ವಾಕರಿಕೆ, ಜೊಲ್ಲು ಸುರಿಯುವಿಕೆ, ವಾಂತಿ, ಆಹಾರ ನಿರಾಕರಣೆ.
- ಗಾಬರಿ: ನಾಯಿಯು ನರಳಬಹುದು, ಏದುಸಿರು ಬಿಡಬಹುದು, ಎತ್ತಿಕೊಂಡಾಗ ಒದ್ದಾಡಬಹುದು.

ಅಜ್ಞಾತ ಕಾರಣದ ರೂಪದಲ್ಲಿ ನಾಯಿಗೆ ಎಚ್ಚರವಿರುತ್ತದೆ, ಮನೆಯವರ ಗುರುತು ಸಿಗುತ್ತದೆ, ಕರೆದರೆ ಸ್ಪಂದಿಸುತ್ತದೆ. ಕಾಲುಗಳ ಶಕ್ತಿ ಉಡುಗಿರುವುದಿಲ್ಲ, ಸಮತೋಲ ಮಾತ್ರ ತಪ್ಪಿರುತ್ತದೆ. ಈ ವ್ಯತ್ಯಾಸವು ರೋಗನಿರ್ಣಯದಲ್ಲಿ ಮುಖ್ಯವಾದುದು.

ಇದೇ ಲಕ್ಷಣಗಳನ್ನು ತೋರುವ ಇತರ ಕಾಯಿಲೆಗಳು

ಸಮತೋಲದ ದೋಷಗಳನ್ನು ಎರಡು ವರ್ಗಗಳಾಗಿ ವಿಂಗಡಿಸಲಾಗುತ್ತದೆ. ದೋಷವು ಒಳಕಿವಿ ಅಥವಾ ಎಂಟನೆಯ ನರದಲ್ಲಿದ್ದರೆ ಅದು ಹೊರವಲಯದ್ದು. ಮೆದುಳುಕಾಂಡ ಅಥವಾ ಅನುಮಸ್ತಿಷ್ಕದಲ್ಲಿದ್ದರೆ ಕೇಂದ್ರೀಯವಾದುದು. ಅಜ್ಞಾತ ಕಾರಣದ ರೂಪವು ಮೊದಲ ವರ್ಗಕ್ಕೆ ಸೇರಿದೆ.

ಹೊರವಲಯದ ಕಾರಣಗಳಲ್ಲಿ ಮಧ್ಯಕಿವಿ ಮತ್ತು ಒಳಕಿವಿಯ ಸೋಂಕು ಪ್ರಮುಖ. ಕಿವಿಯಿಂದ ದುರ್ವಾಸನೆ ಅಥವಾ ಕೀವು ಬರುವುದು, ಕಿವಿ ಮುಟ್ಟಿದರೆ ನೋವಾಗುವುದು, ಬಾಯಿ ತೆರೆಯಲು ಕಷ್ಟಪಡುವುದು ಇದರ ಸೂಚನೆಗಳು. ಮುಖದ ನರವೂ ಕಣ್ಣಿಗೆ ಹೋಗುವ ಕೆಲವು ನರತಂತುಗಳೂ ಮಧ್ಯಕಿವಿಯ ಸಮೀಪದಲ್ಲಿಯೇ ಹಾದುಹೋಗುತ್ತವೆ. ಆದ್ದರಿಂದ ಸೋಂಕಿನಲ್ಲಿ ತುಟಿ ಜೋಲುವುದು, ರೆಪ್ಪೆ ಮುಚ್ಚಲಾಗದಿರುವುದು, ಒಂದು ಕಣ್ಣಿನ ಪಾಪೆ ಚಿಕ್ಕದಾಗಿ ರೆಪ್ಪೆ ಇಳಿಬೀಳುವುದು ಕಾಣಬಹುದು. ಥೈರಾಯ್ಡ್ ಗ್ರಂಥಿಯ ಸ್ರವಿಕೆ ಕಡಿಮೆಯಾಗುವುದು, ತಲೆಗೆ ಪೆಟ್ಟು, ಕಿವಿಯ ಗೆಡ್ಡೆ ಹಾಗೂ ಜೆಂಟಾಮೈಸಿನ್‌ನಂತಹ ಒಳಕಿವಿಗೆ ಹಾನಿಮಾಡುವ ಔಷಧಿಗಳು ಇತರ ಕಾರಣಗಳು.

ಕೇಂದ್ರೀಯ ಕಾರಣಗಳಲ್ಲಿ ಮೆದುಳಿನ ರಕ್ತನಾಳ ಕಟ್ಟಿಕೊಳ್ಳುವುದು, ಗೆಡ್ಡೆ, ಮೆದುಳು ಮತ್ತು ಅದರ ಪೊರೆಗಳ ಉರಿಯೂತ, ಡಿಸ್ಟೆಂಪರ್ ವೈರಸ್ ಸೋಂಕು ಸೇರಿವೆ. ಉಣ್ಣೆಗಳಿಂದ ಹರಡುವ ಎರ್ಲಿಕಿಯೋಸಿಸ್ ಸಹ ಕೆಲವೊಮ್ಮೆ ನರಮಂಡಲವನ್ನು ಬಾಧಿಸುತ್ತದೆ. ಭೇದಿಗೆ ಸಾಮಾನ್ಯವಾಗಿ ಕೊಡಲಾಗುವ ಮೆಟ್ರೊನಿಡಜೋಲ್ ಔಷಧಿಯು ಹೆಚ್ಚಿನ ಪ್ರಮಾಣದಲ್ಲಿ ಅಥವಾ ದೀರ್ಘಕಾಲ ಬಳಕೆಯಾದರೆ ಇದೇ ಬಗೆಯ ತೂರಾಟವನ್ನು ಉಂಟುಮಾಡಬಲ್ಲದು. ಔಷಧಿಯನ್ನು ಸಕಾಲದಲ್ಲಿ ನಿಲ್ಲಿಸಿದರೆ ನಾಯಿಯು ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ. ಆದ್ದರಿಂದ ನಾಯಿಗೆ ಈಚೆಗೆ ಕೊಟ್ಟ ಎಲ್ಲ ಔಷಧಿಗಳ ವಿವರವನ್ನು ವೈದ್ಯರಿಗೆ ತಿಳಿಸಬೇಕಾಗುತ್ತದೆ.

ಸಮತೋಲ ವ್ಯವಸ್ಥೆಗೆ ಸಂಬಂಧವಿಲ್ಲದ ಕೆಲವು ಸ್ಥಿತಿಗಳೂ ಗೊಂದಲ ಹುಟ್ಟಿಸುತ್ತವೆ. ಹೃದ್ರೋಗದಿಂದ ಎಚ್ಚರ ತಪ್ಪಿ ಬೀಳುವ ನಾಯಿಯು ಕೆಲವೇ ಕ್ಷಣಗಳಲ್ಲಿ ಎದ್ದು ಮಾಮೂಲಿನಂತೆ ನಡೆಯುತ್ತದೆ. ಸೆಳವಿನಲ್ಲಿ ಎಚ್ಚರ ತಪ್ಪಿ ಕೈಕಾಲುಗಳು ಸೆಟೆಯುತ್ತವೆ ಅಥವಾ ಬಡಿದುಕೊಳ್ಳುತ್ತವೆ. ಕೀಲುನೋವು ಅಥವಾ ಬೆನ್ನುಹುರಿಯ ತೊಂದರೆಯಿಂದ ಕುಸಿಯುವ ನಾಯಿಯಲ್ಲಿ ತಲೆಯ ವಾಲಿಕೆಯಾಗಲಿ ಕಣ್ಣಿನ ಅದುರಾಟವಾಗಲಿ ಇರುವುದಿಲ್ಲ.

ರೇಬಿಸ್ ಮತ್ತು ಮುನ್ನೆಚ್ಚರಿಕೆ

ಭಾರತದಲ್ಲಿ ರೇಬಿಸ್ ಇನ್ನೂ ಇರುವುದರಿಂದ, ಲಸಿಕೆ ಹಾಕಿಸದ ಅಥವಾ ಬೇರೆ ಪ್ರಾಣಿ ಕಚ್ಚಿದ ನಾಯಿ ತೂರಾಡುತ್ತಿದ್ದರೆ ಆ ಸಾಧ್ಯತೆಯನ್ನೂ ಪರಿಗಣಿಸಬೇಕಾಗುತ್ತದೆ. ಸ್ವಭಾವ ಬದಲಾಗುವುದು, ನುಂಗಲಾಗದೆ ಜೊಲ್ಲು ಸುರಿಯುವುದು, ದವಡೆ ಜೋಲುವುದು, ಬೊಗಳುವ ಧ್ವನಿ ಬದಲಾಗುವುದು, ದಿನದಿಂದ ದಿನಕ್ಕೆ ಪಾರ್ಶ್ವವಾಯು ಹರಡುವುದು ಅದರ ಸೂಚನೆಗಳು. ಅಂತಹ ನಾಯಿಯ ಬಾಯಿಗೆ ಕೈಹಾಕಬಾರದು. ಕಡಿತ, ತರಚು ಅಥವಾ ಗಾಯಕ್ಕೆ ಜೊಲ್ಲಿನ ಸಂಪರ್ಕವಾದರೆ ಆ ಜಾಗವನ್ನು 15 ನಿಮಿಷ ಸಾಬೂನು ಮತ್ತು ಹರಿಯುವ ನೀರಿನಿಂದ ತೊಳೆದು ಕೂಡಲೇ ವೈದ್ಯರನ್ನು ಕಾಣಬೇಕು.

ರೋಗನಿರ್ಣಯ

ಅಜ್ಞಾತ ಕಾರಣದ ರೂಪವನ್ನು ಖಚಿತಪಡಿಸುವ ಒಂದೇ ಪರೀಕ್ಷೆ ಇಲ್ಲ. ಇತರ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕಿ, ನಾಯಿಯು ಸುಧಾರಿಸುವ ರೀತಿಯನ್ನು ಗಮನಿಸಿ ಈ ನಿರ್ಣಯಕ್ಕೆ ಬರಲಾಗುತ್ತದೆ.

ಮೊದಲ ಹಂತದಲ್ಲಿ ಪಶುವೈದ್ಯರು ನರಮಂಡಲದ ಪರೀಕ್ಷೆ ನಡೆಸುತ್ತಾರೆ. ಪಾದವನ್ನು ಮಡಚಿ ಅದರ ಮೇಲ್ಭಾಗ ನೆಲಕ್ಕೆ ತಾಗುವಂತೆ ಇಟ್ಟಾಗ ಆರೋಗ್ಯವಂತ ನಾಯಿ ತಕ್ಷಣ ಅದನ್ನು ಸರಿಪಡಿಸಿಕೊಳ್ಳುತ್ತದೆ. ಹಾಗೆ ಮಾಡದೆ ಪಾದವನ್ನು ಮಡಚಿಕೊಂಡೇ ನಿಂತರೆ ದೋಷವು ಮೆದುಳಿನಲ್ಲಿರುವ ಸಂಶಯ ಬಲಗೊಳ್ಳುತ್ತದೆ. ಕಣ್ಣುಗಳು ಮೇಲೆ ಕೆಳಗೆ ಅದುರುವುದು, ತಲೆಯ ಭಂಗಿ ಬದಲಾದಂತೆ ಅದುರಾಟದ ದಿಕ್ಕೂ ಬದಲಾಗುವುದು, ಮಂಪರು, ಕಾಲುಗಳ ನಿಶ್ಶಕ್ತಿ ಇವೂ ಕೇಂದ್ರೀಯ ದೋಷದ ಕಡೆಗೆ ಬೆರಳು ತೋರುತ್ತವೆ.

ಕಿವಿಯ ಒಳಭಾಗವನ್ನು ಆಟೋಸ್ಕೋಪ್‌ನಿಂದ ನೋಡಿ ಕಿವಿತಮಟೆಯ ಸ್ಥಿತಿಯನ್ನು ಪರಿಶೀಲಿಸಲಾಗುತ್ತದೆ. ರಕ್ತಪರೀಕ್ಷೆ, ಮೂತ್ರಪಿಂಡದ ಕಾರ್ಯ, ಥೈರಾಯ್ಡ್ ಪ್ರಮಾಣ ಮತ್ತು ರಕ್ತದೊತ್ತಡದ ಅಳತೆಯು ವಯಸ್ಸಾದ ನಾಯಿಗಳಲ್ಲಿ ಉಪಯುಕ್ತ. ಮೆದುಳಿನ ದೋಷದ ಸಂಶಯವಿದ್ದಾಗ ಎಂಆರ್‌ಐ ಅಥವಾ ಸಿಟಿ ಸ್ಕ್ಯಾನ್ ಹಾಗೂ ಬೆನ್ನುಹುರಿ ದ್ರವದ ಪರೀಕ್ಷೆ ಬೇಕಾಗಬಹುದು. ಇವುಗಳಿಗೆ ಅರಿವಳಿಕೆ ಅಗತ್ಯ, ವೆಚ್ಚವೂ ಹೆಚ್ಚು, ಎಲ್ಲ ಊರುಗಳಲ್ಲಿಯೂ ದೊರೆಯುವುದಿಲ್ಲ. ಆದ್ದರಿಂದ ಹೊರವಲಯದ ದೋಷದ ಲಕ್ಷಣಗಳಷ್ಟೇ ಇರುವ, ಎಚ್ಚರದಿಂದಿರುವ ನಾಯಿಯನ್ನು ಮೊದಲು ಎರಡು ಮೂರು ದಿನ ಗಮನಿಸಿ, ಸುಧಾರಣೆ ಕಾಣದಿದ್ದರೆ ಮುಂದಿನ ಪರೀಕ್ಷೆಗೆ ಹೋಗುವ ಕ್ರಮವಿದೆ.

ನಾಯಿಯ ಕಣ್ಣು ಮತ್ತು ನಡಿಗೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು ವೈದ್ಯರಿಗೆ ತೋರಿಸುವುದು ಸಹಕಾರಿ. ಆಸ್ಪತ್ರೆ ತಲುಪುವ ಹೊತ್ತಿಗೆ ಕೆಲವು ಲಕ್ಷಣಗಳು ಮಾಸಿರುವುದುಂಟು.

ಚಿಕಿತ್ಸೆ

ಅಜ್ಞಾತ ಕಾರಣದ ರೂಪಕ್ಕೆ ನಿರ್ದಿಷ್ಟ ಔಷಧಿಯಿಲ್ಲ. ಚಿಕಿತ್ಸೆಯು ಮುಖ್ಯವಾಗಿ ಆಸರೆ ನೀಡುವಂಥದು. ವಾಂತಿ ಮತ್ತು ವಾಕರಿಕೆಯನ್ನು ತಡೆಯಲು ಮಾರೋಪಿಟಂಟ್, ತಲೆಸುತ್ತನ್ನು ತಗ್ಗಿಸಲು ಮೆಕ್ಲಿಜಿನ್‌ನಂತಹ ಔಷಧಿಗಳನ್ನು ಬಳಸಲಾಗುತ್ತದೆ. ನೀರು ಕುಡಿಯಲಾಗದ ನಾಯಿಗೆ ರಕ್ತನಾಳದ ಮೂಲಕ ಅಥವಾ ಚರ್ಮದಡಿಯಲ್ಲಿ ದ್ರವ ಕೊಡಬೇಕಾಗುತ್ತದೆ. ಸ್ಟೀರಾಯ್ಡ್‌ಗಳು ಚೇತರಿಕೆಯನ್ನು ತ್ವರಿತಗೊಳಿಸುತ್ತವೆ ಎಂಬುದಕ್ಕೆ ಆಧಾರವಿಲ್ಲ. ಪ್ರತಿಜೈವಿಕ ಔಷಧಿಗಳು ಕಿವಿಯ ಸೋಂಕು ಇದ್ದಾಗ ಮಾತ್ರ ಅಗತ್ಯ. ಆಗ ಅವನ್ನು ಹಲವು ವಾರಗಳ ಕಾಲ ಮುಂದುವರಿಸಬೇಕಾಗಬಹುದು.

ಮನುಷ್ಯರ ತಲೆಸುತ್ತಿನ ಮಾತ್ರೆಗಳನ್ನು ವೈದ್ಯರ ಸೂಚನೆಯಿಲ್ಲದೆ ನಾಯಿಗೆ ಕೊಡುವುದು ಸರಿಯಲ್ಲ. ಐಬುಪ್ರೊಫೆನ್, ಪ್ಯಾರಾಸಿಟಮಾಲ್‌ನಂತಹ ನೋವಿನ ಮಾತ್ರೆಗಳು ನಾಯಿಗಳಿಗೆ ವಿಷಕಾರಿಯಾಗಬಲ್ಲವು. ಕಿವಿಗೆ ಬಿಸಿ ಎಣ್ಣೆ ಅಥವಾ ಇತರ ದ್ರವ ಹಾಕುವ ಮನೆಮದ್ದು ಅಪಾಯಕಾರಿ. ಕಿವಿತಮಟೆ ಹರಿದಿದ್ದರೆ ಆ ದ್ರವವು ಒಳಗಿಳಿದು ಸಮತೋಲದ ಅಂಗಕ್ಕೂ ಕೇಳುವಿಕೆಗೂ ಹಾನಿಯುಂಟುಮಾಡಬಹುದು.

ಮನೆಯಲ್ಲಿ ಶುಶ್ರೂಷೆ

ಸುರಕ್ಷಿತ ಜಾಗ: ನಾಯಿಯನ್ನು ಮೆಟ್ಟಿಲು, ತಾರಸಿ, ನೀರಿನ ತೊಟ್ಟಿ ಮತ್ತು ಚೂಪು ಅಂಚಿನ ಪೀಠೋಪಕರಣಗಳಿಂದ ದೂರವಿರುವ ಸಣ್ಣ ಕೋಣೆಯಲ್ಲಿ ಇರಿಸಲಾಗುತ್ತದೆ. ಟೈಲ್ಸ್, ಗ್ರಾನೈಟ್ ಅಥವಾ ರೆಡ್‌ಆಕ್ಸೈಡ್ ನೆಲದ ಮೇಲೆ ರಬ್ಬರ್ ಚಾಪೆ, ಜಮಖಾನ ಅಥವಾ ಒರಟು ಗೋಣಿಯನ್ನು ಜಾರದಂತೆ ಹಾಸುವುದು ಉಪಯುಕ್ತ. ರಾತ್ರಿ ಮಂದವಾದ ದೀಪ ಉರಿಯುತ್ತಿರಲಿ ಎಂದು ಸಲಹೆ ನೀಡುತ್ತಾರೆ. ಕತ್ತಲಲ್ಲಿ ನೋಟದ ಆಸರೆ ತಪ್ಪಿ ನಾಯಿ ಇನ್ನಷ್ಟು ಗಾಬರಿಗೊಳ್ಳುತ್ತದೆ.

ಎತ್ತುವುದು ಮತ್ತು ನಡೆಸುವುದು: ಹಠಾತ್ತನೆ ಎತ್ತಿದರೆ ತಲೆಸುತ್ತು ಹೆಚ್ಚುತ್ತದೆ. ಮೊದಲು ಮಾತನಾಡಿಸಿ, ಎದೆ ಮತ್ತು ಹಿಂಭಾಗ ಎರಡಕ್ಕೂ ಕೈಕೊಟ್ಟು, ಮೈಗೆ ಒತ್ತಿಕೊಂಡು ನಿಧಾನವಾಗಿ ಎತ್ತಬೇಕು. ನಿಲ್ಲಲು ಯತ್ನಿಸುವ ನಾಯಿಗೆ ಹೊಟ್ಟೆಯ ಕೆಳಗೆ ಟವೆಲ್ ಹಾಯಿಸಿ ಎರಡೂ ತುದಿಗಳನ್ನು ಮೇಲೆ ಹಿಡಿದು ಆಸರೆ ಕೊಡಬಹುದು. ದಿನಕ್ಕೆ ಹಲವು ಬಾರಿ ಹೀಗೆ ಸ್ವಲ್ಪ ದೂರ ನಡೆಸುವುದರಿಂದ ಮೆದುಳಿನ ಹೊಂದಾಣಿಕೆಗೆ ನೆರವಾಗುತ್ತದೆ. ಸದಾ ಎತ್ತಿಕೊಂಡೇ ಓಡಾಡುವುದರಿಂದ ಈ ಅಭ್ಯಾಸ ತಪ್ಪುತ್ತದೆ.

ಆಹಾರ ಮತ್ತು ನೀರು: ವಾಂತಿ ನಿಲ್ಲುವವರೆಗೆ ಬಲವಂತವಾಗಿ ತಿನ್ನಿಸಬಾರದು. ಮಲಗಿರುವ ನಾಯಿಯ ಬಾಯಿಗೆ ನೀರು ಅಥವಾ ಗಂಜಿ ಸುರಿದರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ವಾಕರಿಕೆ ತಗ್ಗಿದ ಬಳಿಕ ನಾಯಿಯನ್ನು ಎದೆಯ ಮೇಲೆ ನೆಟ್ಟಗೆ ಕೂರಿಸಿ, ಮೆತ್ತನೆಯ ಆಹಾರವನ್ನು ಅಂಗೈಯಲ್ಲಿ ಸ್ವಲ್ಪ ಸ್ವಲ್ಪವಾಗಿ ಕೊಡಬಹುದು. ಈರುಳ್ಳಿ, ಬೆಳ್ಳುಳ್ಳಿ ಬೆರೆತ ಸಾರು ನಾಯಿಗಳಿಗೆ ಹಾನಿಕರ. ನೀರಿನ ಬಟ್ಟಲನ್ನು ಮಗುಚದಂತೆ, ತಲೆ ಹೆಚ್ಚು ಬಗ್ಗಿಸಬೇಕಾಗದ ಎತ್ತರದಲ್ಲಿ ಇಡುವುದು ಉತ್ತಮ.

ಸ್ವಚ್ಛತೆ: ಏಳಲಾಗದ ನಾಯಿಯನ್ನು ನಾಲ್ಕರಿಂದ ಆರು ಗಂಟೆಗಳಿಗೊಮ್ಮೆ ಮಗ್ಗುಲು ಬದಲಾಯಿಸಿದರೆ ಒತ್ತುಹುಣ್ಣು ತಪ್ಪುತ್ತದೆ. ಮೂತ್ರದಿಂದ ಒದ್ದೆಯಾದ ಹಾಸಿಗೆಯನ್ನು ಕೂಡಲೇ ಬದಲಿಸಬೇಕು. ಅನೇಕ ನಾಯಿಗಳು ಮಲಗಿದಲ್ಲಿಯೇ ಮೂತ್ರ ಮಾಡಲು ಹಿಂಜರಿಯುತ್ತವೆ. ಅವುಗಳನ್ನು ಆಸರೆ ಕೊಟ್ಟು ಹೊರಗೆ ನಿಲ್ಲಿಸಬೇಕಾಗುತ್ತದೆ.

ತುರ್ತು ಚಿಕಿತ್ಸೆ ಬೇಕಾಗುವ ಸಂದರ್ಭಗಳು

- ಸೆಳವು, ಎಚ್ಚರ ತಪ್ಪುವುದು ಅಥವಾ ಕರೆದರೆ ಸ್ಪಂದಿಸದಿರುವುದು
- ಕಣ್ಣುಗಳು ಮೇಲೆ ಕೆಳಗೆ ಅದುರುವುದು
- ಒಂದು ಅಥವಾ ಹೆಚ್ಚು ಕಾಲುಗಳು ನಿಶ್ಶಕ್ತವಾಗುವುದು, ಪಾದ ಎಳೆಯುವುದು
- ನಿಲ್ಲದ ವಾಂತಿ, ಅಥವಾ 24 ಗಂಟೆ ನೀರು ಕುಡಿಯದಿರುವುದು
- ಉಸಿರಾಟದ ತೊಂದರೆ
- 72 ಗಂಟೆಗಳ ನಂತರವೂ ಸುಧಾರಣೆ ಕಾಣದಿರುವುದು, ಅಥವಾ ಸುಧಾರಿಸಿದ ಮೇಲೆ ಮತ್ತೆ ಹದಗೆಡುವುದು

ಮುನ್ನೋಟ

ಅಜ್ಞಾತ ಕಾರಣದ ರೂಪದಲ್ಲಿ ಮೊದಲ 24ರಿಂದ 48 ಗಂಟೆಗಳು ಅತ್ಯಂತ ಕಠಿಣ. ಅನಂತರ ಕಣ್ಣಿನ ಅದುರಾಟ ಮೊದಲು ತಗ್ಗುತ್ತದೆ, ಅದರೊಂದಿಗೆ ವಾಕರಿಕೆ ಕಡಿಮೆಯಾಗಿ ನಾಯಿ ಆಹಾರ ಮೂಸತೊಡಗುತ್ತದೆ. ಸುಮಾರು ಒಂದು ವಾರದಲ್ಲಿ ಹೆಚ್ಚಿನ ನಾಯಿಗಳು ತೂರಾಡುತ್ತಲಾದರೂ ತಾವಾಗಿಯೇ ನಡೆಯುತ್ತವೆ. ಎರಡು ಮೂರು ವಾರಗಳಲ್ಲಿ ನಡಿಗೆ ಬಹುಮಟ್ಟಿಗೆ ಸರಿಹೋಗುತ್ತದೆ. ಕೆಲವು ನಾಯಿಗಳಲ್ಲಿ ತಲೆಯ ಅಲ್ಪ ವಾಲಿಕೆ ಅಥವಾ ಮೈ ಕೊಡವಿದಾಗ ಮುಗ್ಗರಿಸುವುದು ಕೊನೆಯವರೆಗೂ ಉಳಿಯಬಹುದು. ಇದು ನಾಯಿಯ ದಿನನಿತ್ಯದ ಬದುಕಿಗೆ ಹೆಚ್ಚಿನ ಅಡ್ಡಿಯಾಗುವುದಿಲ್ಲ. ಕಾಯಿಲೆ ಮರುಕಳಿಸುವ ಸಾಧ್ಯತೆಯಿದೆ.

ಕೇಂದ್ರೀಯ ದೋಷಗಳಲ್ಲಿ ಮುನ್ನೋಟವು ಮೂಲ ಕಾರಣವನ್ನು ಅವಲಂಬಿಸಿರುತ್ತದೆ. ಅಲ್ಲಿಯೂ ಎಲ್ಲವೂ ನಿರಾಶಾದಾಯಕವಲ್ಲ. ಅನುಮಸ್ತಿಷ್ಕದ ರಕ್ತನಾಳ ಕಟ್ಟಿ ಪಾರ್ಶ್ವವಾಯುವಿಗೆ ತುತ್ತಾದ ನಾಯಿಗಳಲ್ಲಿಯೂ ಹಲವು ಶುಶ್ರೂಷೆಯಿಂದ ಚೇತರಿಸಿಕೊಳ್ಳುತ್ತವೆ. ಅಂತಹವುಗಳಲ್ಲಿ ರಕ್ತದೊತ್ತಡ, ಮೂತ್ರಪಿಂಡದ ಕಾಯಿಲೆ, ಕುಶಿಂಗ್ ರೋಗ ಮೊದಲಾದ ಹಿನ್ನೆಲೆ ಕಾರಣಗಳನ್ನು ಹುಡುಕಲಾಗುತ್ತದೆ.

ದಯಾಮರಣದ ನಿರ್ಧಾರ

ಮುಪ್ಪಿನ ನಾಯಿಯು ಉರುಳಾಡುತ್ತ, ಕಣ್ಣು ತಿರುಗಿಸುತ್ತ, ಅನ್ನ ನೀರು ಬಿಟ್ಟಿರುವುದನ್ನು ಕಂಡವರು ಅದರ ನರಳಾಟವನ್ನು ಕೊನೆಗಾಣಿಸಲು ಬಯಸುವುದು ಸಹಜ. ಆದರೆ ಈ ಕಾಯಿಲೆಯ ಮೊದಲ ದಿನದ ಸ್ಥಿತಿಯಿಂದ ಕೊನೆಯ ಫಲಿತಾಂಶವನ್ನು ಅಂದಾಜಿಸಲಾಗದು. ಅತ್ಯಂತ ತೀವ್ರವಾಗಿ ಕಾಣುವ ಪ್ರಕರಣವೂ ಅಜ್ಞಾತ ಕಾರಣದ ರೂಪವಾಗಿದ್ದರೆ ಕೆಲವು ದಿನಗಳಲ್ಲಿ ತಿರುಗುಮುಖವಾಗುತ್ತದೆ. ತಲೆಸುತ್ತು ನಾಯಿಗೆ ಅಸಹನೀಯವಾದರೂ ಅದು ನೋವುಂಟುಮಾಡುವ ಕಾಯಿಲೆಯಲ್ಲ, ವಾಕರಿಕೆಗೆ ಔಷಧಿಯಿದೆ. ಆದ್ದರಿಂದ ಮೆದುಳಿನ ದೋಷದ ಸ್ಪಷ್ಟ ಸೂಚನೆಗಳಿಲ್ಲದಿದ್ದರೆ, ಚಿಕಿತ್ಸೆ ಮತ್ತು ಶುಶ್ರೂಷೆಯೊಂದಿಗೆ ಕನಿಷ್ಠ ಮೂರು ದಿನ ಕಾದು ನೋಡಿದ ಬಳಿಕವೇ ಇಂತಹ ನಿರ್ಧಾರವನ್ನು ಪರಿಗಣಿಸುವುದು ಸೂಕ್ತ.

ಮತ್ತೊಂದೆಡೆ, ಇತರ ಗಂಭೀರ ಕಾಯಿಲೆಗಳಿಂದಲೂ ಬಳಲುತ್ತಿರುವ, ವಾರಗಳು ಕಳೆದರೂ ಏಳಲಾಗದ, ಆಹಾರ ಮುಟ್ಟದ ಅಥವಾ ಮೆದುಳಿನ ಗೆಡ್ಡೆ ದೃಢಪಟ್ಟ ನಾಯಿಯ ವಿಷಯ ಬೇರೆ. ಅಲ್ಲಿ ನಾಯಿಯು ತಿನ್ನುವ, ಮಲಗುವ, ಮನೆಯವರನ್ನು ಕಂಡು ಬಾಲ ಆಡಿಸುವ ದಿನಗಳೆಷ್ಟು, ಬಳಲುವ ದಿನಗಳೆಷ್ಟು ಎಂಬುದನ್ನು ಪಶುವೈದ್ಯರೊಂದಿಗೆ ಚರ್ಚಿಸಿ ತೀರ್ಮಾನಿಸಲಾಗುತ್ತದೆ.

ತಡೆಗಟ್ಟುವಿಕೆ

ಅಜ್ಞಾತ ಕಾರಣದ ರೂಪವನ್ನು ತಡೆಯುವ ವಿಧಾನವಿಲ್ಲ. ಇದೇ ಲಕ್ಷಣ ತೋರುವ ಇತರ ಕಾಯಿಲೆಗಳಲ್ಲಿ ಕೆಲವನ್ನು ತಡೆಯಬಹುದು. ಕಿವಿಯ ಸೋಂಕಿಗೆ ಆರಂಭದಲ್ಲಿಯೇ ಚಿಕಿತ್ಸೆ ಕೊಡಿಸುವುದು, ಡಿಸ್ಟೆಂಪರ್ ಮತ್ತು ರೇಬಿಸ್ ಲಸಿಕೆಗಳನ್ನು ತಪ್ಪದೆ ಹಾಕಿಸುವುದು, ಉಣ್ಣೆಗಳನ್ನು ನಿಯಂತ್ರಿಸುವುದು, ಔಷಧಿಗಳನ್ನು ವೈದ್ಯರು ಸೂಚಿಸಿದ ಪ್ರಮಾಣ ಮತ್ತು ಅವಧಿಗೆ ಮಾತ್ರ ಬಳಸುವುದು ಇವುಗಳಲ್ಲಿ ಸೇರಿವೆ. ವಯಸ್ಸಾದ ನಾಯಿಗಳಿಗೆ ವರ್ಷಕ್ಕೊಮ್ಮೆಯಾದರೂ ಆರೋಗ್ಯ ತಪಾಸಣೆ ಮಾಡಿಸಿದರೆ ಥೈರಾಯ್ಡ್, ರಕ್ತದೊತ್ತಡ ಮತ್ತು ಮೂತ್ರಪಿಂಡದ ತೊಂದರೆಗಳು ಬೇಗ ಪತ್ತೆಯಾಗುತ್ತವೆ.